50 ನ್ಯೂಟನ್-ಮೀಟರ್ ಎಂದು ಬರೆದ ಮೇಲೆ

ನನ್ನ ಮೇಜಿನ ಡ್ರಾಯರಿನಲ್ಲಿ ಕೆಲವು ವರ್ಷಗಳಿಂದ ಒಂದು ಮುರಿದ ಬೋಲ್ಟ್ ಇದೆ. ಎಂ10 ಅಳತೆಯದು (ಅಂದರೆ 10 ಮಿ.ಮೀ. ವ್ಯಾಸದ್ದು), ಸತುವಿನ ಲೇಪನದ್ದು, ತಲೆಯ ಮೇಲೆ 8.8 ಎಂಬ ಗುರುತಿದೆ. ಕೆಳಗಿನ ಅರ್ಧ ಥ್ರೆಡ್ಡಿನೊಳಗೇ ಉಳಿದುಬಿಟ್ಟಿದ್ದರಿಂದ ಕೈಗೆ ಸಿಕ್ಕಿದ್ದು ತಲೆಯ ಕಡೆಯ ತುಂಡು ಮಾತ್ರ. ಮುರಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಒಂದು ಅಂಚಿನ ಥ್ರೆಡ್ ಬುಡದಿಂದ ಹೊರಟು ಒಂದರ ಹಿಂದೊಂದು ಹರಡಿಕೊಂಡಿರುವ ಬಾಗು ಗೆರೆಗಳು ಕಾಣುತ್ತವೆ. ಕಪ್ಪೆಚಿಪ್ಪಿನ ಮೇಲಿನ ಗೆರೆಗಳ ಹಾಗೆ. ಆ ಭಾಗವೆಲ್ಲ ನುಣುಪಾಗಿದೆ. ಎದುರು ಅಂಚಿನಲ್ಲಿ ಮಾತ್ರ ಬೆರಳ ಉಗುರಿನ ತುದಿಯಷ್ಟು ಜಾಗ ತರಿತರಿಯಾಗಿದೆ. ನುಣುಪಾದ ಭಾಗದಲ್ಲಿ ಬಿರುಕು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳೆದಿತ್ತು, ತರಿಯಾದ ಭಾಗ ಕೊನೆಯ ಏಟಿಗೆ ಒಮ್ಮೆಲೇ ಕಿತ್ತುಹೋಗಿತ್ತು. ಆ ತರಿಯ ಭಾಗ ಅಷ್ಟು ಚಿಕ್ಕದಾಗಿರುವುದೇ ಒಂದು ಸಾಕ್ಷಿ: ಬೋಲ್ಟಿನ ಮೇಲೆ ಬಿದ್ದ ಹೊರೆ ಒಂದೇ ಸಲಕ್ಕೆ ಮುರಿಯುವಷ್ಟು ದೊಡ್ಡದಾಗಿರಲಿಲ್ಲ, ಆದರೆ ಅದು ಲಕ್ಷಾಂತರ ಸಲ ಬಿದ್ದಿತ್ತು.

ಆ ಬೋಲ್ಟ್ ಇದ್ದ ಜೋಡಣೆಯ ಸ್ಟ್ರೆಸ್ ವಿಶ್ಲೇಷಣೆ, ಅಂದರೆ ಹೊರೆ ಬಿದ್ದಾಗ ಲೋಹದೊಳಗೆ ಪ್ರತಿ ಚದರ ಮಿ.ಮೀ.ಗೆ ಎಷ್ಟು ಬಲ ಬೀಳುತ್ತದೆಂಬ ಲೆಕ್ಕ, ಮಾಡಿದವನು ನಾನೇ. ಎರಕದ ಅಲ್ಯೂಮಿನಿಯಂ ಬ್ರಾಕೆಟ್ ಒಂದನ್ನು ಎರಕದ ಕಬ್ಬಿಣದ ಹೌಸಿಂಗಿಗೆ ನಾಲ್ಕು ಬೋಲ್ಟುಗಳಿಂದ ಬಿಗಿಯಬೇಕಿತ್ತು. ಬ್ರಾಕೆಟ್ಟಿನ ಪಾದ 12 ಮಿ.ಮೀ. ದಪ್ಪ, ಥ್ರೆಡ್ ಇದ್ದದ್ದು ಕಬ್ಬಿಣದಲ್ಲಿ. ಕಂಪ್ಯೂಟರಿನಲ್ಲಿ ಮಾದರಿ ಮಾಡಿ, ಹೊರೆ ಹಾಕಿ, ಬಣ್ಣಬಣ್ಣದ ಚಿತ್ರ ತೆಗೆದು, ಗರಿಷ್ಠ ಸ್ಟ್ರೆಸ್ ಯೀಲ್ಡಿನ (ಲೋಹ ಶಾಶ್ವತವಾಗಿ ಹಿಗ್ಗತೊಡಗುವ ಸ್ಟ್ರೆಸ್ಸಿನ) ಮೂರನೇ ಒಂದು ಪಾಲಿಗಿಂತ ಕಡಿಮೆಯಿದೆ ಎಂದು ವರದಿ ಬರೆದಿದ್ದೆ. ಡ್ರಾಯಿಂಗಿನ ಮೂಲೆಯಲ್ಲಿ ‘ಟಾರ್ಕ್ 50 ನ್ಯೂಟನ್-ಮೀಟರ್’ ಎಂಬ ಸಾಲೂ ಇತ್ತು. ಆ ಅಂಕಿಯನ್ನು ಗೋಡೆಗೆ ಅಂಟಿಸಿದ್ದ ಪಟ್ಟಿಯಿಂದ ಎತ್ತಿಕೊಂಡದ್ದು. ನನ್ನ ವರದಿಗೂ ಆ ಸಾಲಿಗೂ ಯಾವ ಸಂಬಂಧವೂ ಇರಲಿಲ್ಲ, ಮತ್ತು ಅದು ಇರಬೇಕಿತ್ತೆಂದು ನನಗಾಗಲಿ, ಪರಿಶೀಲಿಸಿ ಸಹಿ ಹಾಕಿದವರಿಗಾಗಲಿ ಹೊಳೆಯಲಿಲ್ಲ. ಆರು ವಾರಗಳ ಬಳಿಕ ಮೊದಲ ಬೋಲ್ಟ್ ಮುರಿಯಿತು.

ಟಾರ್ಕ್, ಅಂದರೆ ತಿರುಗಿಸುವ ಬಲ, ನಾವು ಅಳೆಯಬಲ್ಲದ್ದು. ನಮಗೆ ನಿಜವಾಗಿ ಬೇಕಾದದ್ದು ಬೋಲ್ಟಿನೊಳಗಿನ ಎಳೆತ. ಬಿಗಿದಾಗ ಬೋಲ್ಟ್ ಒಂದು ಗಟ್ಟಿ ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಹವಣಿಸುತ್ತ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಇದನ್ನೇ ಪ್ರೀಲೋಡ್ ಎನ್ನುತ್ತಾರೆ. ಟಾರ್ಕಿನಿಂದ ಪ್ರೀಲೋಡಿಗೆ ಹೋಗುವ ದಾರಿಯಲ್ಲಿ ಘರ್ಷಣೆ ಕುಳಿತಿದೆ. ಸ್ಪ್ಯಾನರಿಗೆ ಹಾಕಿದ ಶ್ರಮದ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಉಜ್ಜುವಿಕೆಗೆ ಹೋಗುತ್ತದೆ, ಸುಮಾರು ಶೇ. 40 ಥ್ರೆಡ್ಡಿನ ಉಜ್ಜುವಿಕೆಗೆ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಶೇ. 10ರ ಆಸುಪಾಸು. ನೂರರಲ್ಲಿ ತೊಂಬತ್ತು ಪಾಲು ನುಂಗುವ ಘರ್ಷಣೆ ಒಂದಿಷ್ಟು ಆಚೀಚೆಯಾದರೂ ಉಳಿಯುವ ಹತ್ತು ಪಾಲು ಹದಿನೈದೂ ಆಗಬಹುದು, ಐದೂ ಆಗಬಹುದು.

ಲೆಕ್ಕಕ್ಕೆ ಬಳಸುವ ಸೂತ್ರ ಸರಳ: ಟಾರ್ಕ್ ಎಂದರೆ ಪ್ರೀಲೋಡ್, ಬೋಲ್ಟಿನ ವ್ಯಾಸ ಮತ್ತು ‘ಕೆ’ ಎಂಬ ಒಂದು ಗುಣಾಂಕ, ಈ ಮೂರರ ಗುಣಲಬ್ಧ. ಎಂ10 ಬೋಲ್ಟಿನ ಎಳೆತ ಹೊರುವ ವಿಸ್ತೀರ್ಣ 58 ಚದರ ಮಿ.ಮೀ. 8.8 ಎಂಬ ಗುರುತಿನ ಮೊದಲ ಅಂಕಿ 800 ಮೆಗಾಪಾಸ್ಕಲ್ (ಚದರ ಮಿ.ಮೀ.ಗೆ ಒಂದು ನ್ಯೂಟನ್ ಎಂದರೆ ಒಂದು ಮೆಗಾಪಾಸ್ಕಲ್) ಮುರಿಯುವ ಬಲವನ್ನೂ, ಎರಡನೆಯದು ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ 640 ಮೆಗಾಪಾಸ್ಕಲ್ ಯೀಲ್ಡನ್ನೂ ಹೇಳುತ್ತದೆ. ಶಾಶ್ವತವಾಗಿ ಹಿಗ್ಗದೆ ಹೊರಬಲ್ಲದೆಂದು ಖಾತರಿ ಕೊಡುವ ಪ್ರೂಫ್ ಸ್ಟ್ರೆಸ್ 580. ಪ್ರೂಫಿನ ಮುಕ್ಕಾಲು ಪಾಲಿಗೆ ಬಿಗಿಯುವುದು ರೂಢಿ. 58ನ್ನು 580ರಿಂದ ಗುಣಿಸಿ ಮುಕ್ಕಾಲು ಮಾಡಿದರೆ 25.2 ಕಿಲೋನ್ಯೂಟನ್ ಪ್ರೀಲೋಡ್ ಸಿಗುತ್ತದೆ. ಎಣ್ಣೆಯಿಲ್ಲದ ಉಕ್ಕಿಗೆ ಕೆ 0.2 ಎಂದಿಟ್ಟುಕೊಂಡರೆ ಟಾರ್ಕ್ 50 ನ್ಯೂಟನ್-ಮೀಟರ್ ಬರುತ್ತದೆ. ಗೋಡೆಯ ಪಟ್ಟಿಯ ಅಂಕಿ ಹುಟ್ಟಿದ್ದು ಹೀಗೆ.

ಈಗ ಅದೇ ಬೋಲ್ಟಿಗೆ ಯಾರೋ ಒಳ್ಳೆಯ ಮನಸ್ಸಿನಿಂದ ಮಾಲಿಬ್ಡಿನಂ ಗ್ರೀಸ್ ಸವರಿದರು ಎನ್ನೋಣ. ಕೆ 0.12ಕ್ಕೆ ಇಳಿಯುತ್ತದೆ. ನಿಗದಿ ಮಾಡಿದ ಟಾರ್ಕ್ ಮುಟ್ಟಿದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಅದೇ 50ಕ್ಕೆ ‘ಕ್ಲಿಕ್’ ಎನ್ನಬೇಕಾದರೆ ಬೋಲ್ಟಿನೊಳಗೆ 41.7 ಕಿಲೋನ್ಯೂಟನ್ ಎಳೆತ, ಅಂದರೆ 718 ಮೆಗಾಪಾಸ್ಕಲ್ ಸ್ಟ್ರೆಸ್ ಹುಟ್ಟಬೇಕು. ಯೀಲ್ಡ್ ಇರುವುದು 640. ಕ್ಲಿಕ್ ಕೇಳಿಸುವ ಮೊದಲೇ ಬೋಲ್ಟ್ ಶಾಶ್ವತವಾಗಿ ಹಿಗ್ಗಿರುತ್ತದೆ. ಮತ್ತೊಂದು ಕಡೆ, ಥ್ರೆಡ್ಡಿನಲ್ಲಿ ಪೇಂಟ್ ಸಿಕ್ಕಿದ್ದರೆ ಅಥವಾ ತಲೆಯಡಿಯ ಮೇಲ್ಮೈ ಕೆತ್ತಿಹೋಗಿದ್ದರೆ ಅದೇ ಕ್ಲಿಕ್ಕಿಗೆ ಎಳೆತ ಅರ್ಧಕ್ಕೂ ಇಳಿಯಬಹುದು. ಎಲ್ಲವೂ ಅಚ್ಚುಕಟ್ಟಾಗಿದ್ದಾಗಲೂ, ಬರಿಯ ಟಾರ್ಕ್ ರೆಂಚಿನಿಂದ ಬಿಗಿದರೆ ಪ್ರೀಲೋಡ್ ಶೇ. 25ರಿಂದ 30ರಷ್ಟು ಮೇಲೆ ಕೆಳಗೆ ಆಗುತ್ತದೆಂದೇ ವಿನ್ಯಾಸದಲ್ಲಿ ಹಿಡಿಯಬೇಕು. ರೆಂಚಿನ ಪ್ರಮಾಣಪತ್ರದಲ್ಲಿರುವ ಶೇ. 4 ಎಂಬುದು ಟಾರ್ಕಿನ ನಿಖರತೆ. ಪ್ರೀಲೋಡಿನ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ.

ಆಮೇಲೊಮ್ಮೆ ಇದನ್ನು ಕಣ್ಣಾರೆ ನೋಡಬೇಕೆಂದು ಬೋಲ್ಟಿನ ತಲೆಯಡಿ ಬಲ ಅಳೆಯುವ ಒಂದು ಲೋಡ್ ಸೆಲ್ ಇಟ್ಟು ಬಿಗಿದೆ. ಒಂದೇ ಬೋಲ್ಟ್, ಒಂದೇ ರೆಂಚ್, ಒಂದೇ ಕೈ. ಮೊದಲ ಸಲದ ಅಂಕಿಗೆ ಹೋಲಿಸಿದರೆ ಸಡಿಲಿಸಿ ಮತ್ತೆ ಬಿಗಿದ ಪ್ರತಿ ಸಲವೂ ಅಂಕಿ ಇಳಿಯುತ್ತಲೇ ಹೋಯಿತು. ಸತುವಿನ ಲೇಪನ ಉಜ್ಜಿ ಪುಡಿಯಾಗಿ ಥ್ರೆಡ್ಡಿನಲ್ಲಿ ಬೂದು ಬಣ್ಣದ ಕಿಲುಬಿನಂತೆ ಕುಳಿತಿತ್ತು. ಐದನೆಯ ಸಲದ ಹೊತ್ತಿಗೆ ಕ್ಲಿಕ್ಕಿನ ಸದ್ದಿನ ಮೇಲಿದ್ದ ನನ್ನ ನಂಬಿಕೆ ಪೂರ್ತಿ ಹೋಯಿತು. ಒಂದು ಸಣ್ಣ ದೂರೂ ಇಲ್ಲೇ ಹೇಳಿಬಿಡುತ್ತೇನೆ. ಬಿಗಿದಾದ ಮೇಲೆ ಬೇರೊಬ್ಬರು ಬಂದು ಅದೇ ರೆಂಚನ್ನು ಹಾಕಿ ಕ್ಲಿಕ್ ಕೇಳಿಸಿ ಟಿಕ್ ಗುರುತು ಹಾಕುವ ತಪಾಸಣೆ ಅನೇಕ ಕಡೆ ನಡೆಯುತ್ತದೆ. ನಿಂತ ಬೋಲ್ಟನ್ನು ಅಲುಗಿಸಲು ತಿರುಗುತ್ತಿರುವ ಬೋಲ್ಟಿಗಿಂತ ಹೆಚ್ಚು ಟಾರ್ಕ್ ಬೇಕಾಗುವುದರಿಂದ, ಆ ಕ್ಲಿಕ್ ಸಾಬೀತು ಮಾಡುವುದು ಬೋಲ್ಟ್ ಅಲುಗಲಿಲ್ಲ ಎಂಬುದನ್ನಷ್ಟೇ. ತುಕ್ಕು ಹಿಡಿದು ಸಡಿಲವಾದ ಬೋಲ್ಟೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಪ್ರೂಫಿನ ಮುಕ್ಕಾಲು ಪಾಲು ಎಂದಾಗ ಇನ್ನೂ ಕಾಲು ಪಾಲು ಕೈಯಲ್ಲಿದೆ ಎಂದು ಅನ್ನಿಸುತ್ತದೆ. ಬಿಗಿಯುವ ಹೊತ್ತಿನಲ್ಲಿ ಅದೂ ಇರುವುದಿಲ್ಲ. ತಲೆಯಡಿಯ ಘರ್ಷಣೆಗೆ ಹೋದ ಅರ್ಧ ಬಿಟ್ಟು ಉಳಿದ ಸುಮಾರು 25 ನ್ಯೂಟನ್-ಮೀಟರ್ ಬೋಲ್ಟಿನ ಕಾಂಡವನ್ನು ತಿರುಚುತ್ತದೆ. ಎಂ10ರ ಥ್ರೆಡ್ ಭಾಗಕ್ಕೆ 8.6 ಮಿ.ಮೀ. ವ್ಯಾಸ ಹಿಡಿದು ಲೆಕ್ಕ ಹಾಕಿದರೆ ತಿರುಚುವಿಕೆಯ ಶಿಯರ್ ಸ್ಟ್ರೆಸ್ 200 ಮೆಗಾಪಾಸ್ಕಲ್ ಆಗುತ್ತದೆ. 25.2 ಕಿಲೋನ್ಯೂಟನ್ ಪ್ರೀಲೋಡಿನಿಂದ ಬರುವ 435 ಮೆಗಾಪಾಸ್ಕಲ್ ಎಳೆತದ ಜೊತೆ ಅದನ್ನು ವಾನ್ ಮೀಸಸ್ ರೀತಿಯಲ್ಲಿ (ಬೇರೆ ಬೇರೆ ಬಗೆಯ ಸ್ಟ್ರೆಸ್ಸುಗಳನ್ನು ಒಂದೇ ಅಂಕಿಯಾಗಿಸುವ ಸೂತ್ರದಿಂದ) ಸೇರಿಸಿದರೆ 557ರ ಹತ್ತಿರ ಬರುತ್ತದೆ. ರೆಂಚ್ ತೆಗೆದ ಮೇಲೆ ತಿರುಚುವಿಕೆ ಒಂದಷ್ಟು ಇಳಿಯುತ್ತದೆ, ನಿಜ. ಆದರೂ ಬೋಲ್ಟಿನ ಬದುಕಿನಲ್ಲಿ ಅದು ಕಾಣುವ ಅತಿ ದೊಡ್ಡ ಸ್ಟ್ರೆಸ್ ಅನೇಕ ಸಲ ಬಿಗಿಯುವ ಆ ಕೆಲವು ಕ್ಷಣಗಳದ್ದೇ.

ಅಷ್ಟು ಸ್ಟ್ರೆಸ್ಸಿನಲ್ಲಿ ಬಿಗಿದಿಟ್ಟ ಬೋಲ್ಟಿಗೆ ಮೇಲಿಂದ ಹೊರೆಯೂ ಬಿದ್ದರೆ ಅದು ತುಂಡಾಗುವುದಿಲ್ಲವೇ ಎಂದು ಹೊಸಬರು ಕೇಳುವುದು ಸಹಜ, ನಾನೂ ಕೇಳಿದ್ದೆ. ಉತ್ತರ ಇರುವುದು ಬೋಲ್ಟ್ ಮತ್ತು ಅದು ಹಿಡಿದಿರುವ ಭಾಗಗಳ ಸ್ಟಿಫ್ನೆಸ್ಸಿನಲ್ಲಿ, ಅಂದರೆ ಹಿಗ್ಗಲು ಕುಗ್ಗಲು ಅವು ಒಡ್ಡುವ ಪ್ರತಿರೋಧದಲ್ಲಿ. ಬೋಲ್ಟ್ ತೆಳ್ಳಗಿನ ಸ್ಪ್ರಿಂಗ್, ಹಿಡಿದಿರುವ ಭಾಗಗಳು ದಪ್ಪನೆಯ ಸ್ಪ್ರಿಂಗ್. ಭಾಗಗಳನ್ನು ಬೇರ್ಪಡಿಸುವಂತೆ ಹೊರಗಿನಿಂದ ಎಳೆದಾಗ, ಆ ಎಳೆತದ ದೊಡ್ಡ ಪಾಲು ಒತ್ತಿಹಿಡಿದ ಮೇಲ್ಮೈಗಳ ಒತ್ತುವಿಕೆಯನ್ನು ಇಳಿಸುವುದರಲ್ಲೇ ಮುಗಿದುಹೋಗುತ್ತದೆ, ಬೋಲ್ಟಿಗೆ ತಲುಪುವುದು ಚಿಕ್ಕ ಪಾಲು. ನನ್ನ ಜೋಡಣೆಯಂಥದ್ದರಲ್ಲಿ ಈ ಪಾಲು ನಾಲ್ಕರಲ್ಲಿ ಒಂದು ಎಂದು ಹಿಡಿಯೋಣ. ಪ್ರತಿ ಬೋಲ್ಟಿನ ಮೇಲೆ ಸೊನ್ನೆಯಿಂದ 12 ಕಿಲೋನ್ಯೂಟನ್‌ವರೆಗೆ ಏರಿಳಿಯುವ ಹೊರೆ ಬೀಳುತ್ತಿದೆ ಎಂದರೆ, 25.2 ಕಿಲೋನ್ಯೂಟನ್ ಬಿಗಿತವಿರುವ ಬೋಲ್ಟಿನೊಳಗೆ ಏರುವುದು 3 ಕಿಲೋನ್ಯೂಟನ್ ಮಾತ್ರ. ಸರಾಸರಿಯ ಎರಡೂ ಕಡೆ ತೂಗುವ ಸ್ಟ್ರೆಸ್ 26 ಮೆಗಾಪಾಸ್ಕಲ್. ಬಿಗಿತವೇ ಇಲ್ಲದ ಬೋಲ್ಟಾದರೆ ಇಡೀ 12 ಕಿಲೋನ್ಯೂಟನ್ ಅದರ ಮೇಲೆ ಬಿದ್ದು ಏಳುತ್ತದೆ, ತೂಗಾಟ 103 ಮೆಗಾಪಾಸ್ಕಲ್ ಆಗುತ್ತದೆ.

640ರ ಮುಂದೆ 103 ಏನು ಮಹಾ ಎನ್ನಬೇಡಿ. ಬೋಲ್ಟಿನ ಲೆಕ್ಕಕ್ಕೆಂದೇ ಇರುವ ಜರ್ಮನಿಯ ವಿಡಿಐ 2230 ಮಾರ್ಗಸೂಚಿಯ ಪ್ರಕಾರ, ಉರುಳೆಗಳ ನಡುವೆ ಒತ್ತಿ ಥ್ರೆಡ್ ಮೂಡಿಸಿದ ಮೇಲೆ ಶಾಖೋಪಚಾರ ಮಾಡಿದ ಎಂ10 ಬೋಲ್ಟ್ ದಣಿಯದೆ ತಾಳಬಲ್ಲ ತೂಗಾಟ ಸುಮಾರು 51 ಮೆಗಾಪಾಸ್ಕಲ್. ಅಷ್ಟೇ. ಥ್ರೆಡ್ಡಿನ ಬುಡ ಚೂಪಾದ ಗಾಯದಂತೆ ಸ್ಟ್ರೆಸ್ಸನ್ನು ಒಂದೆಡೆ ಕೂಡಿಸುತ್ತದೆ. ಸಾಲದ್ದಕ್ಕೆ ಒಟ್ಟು ಹೊರೆಯ ಸುಮಾರು ಮೂರನೇ ಒಂದು ಪಾಲನ್ನು ಸೇರಿಕೊಂಡ ಥ್ರೆಡ್ಡುಗಳಲ್ಲಿ ಮೊದಲನೆಯದೊಂದೇ ಹೊರುತ್ತದೆ. ನನ್ನ ಡ್ರಾಯರಿನ ಬೋಲ್ಟ್ ಮುರಿದದ್ದು ಕರಾರುವಾಕ್ಕಾಗಿ ಅಲ್ಲೇ. ಚೆನ್ನಾಗಿ ಬಿಗಿದಿದ್ದರೆ 26, ಬಿಗಿತ ಹೋಗಿದ್ದರೆ 103, ನಡುವೆ 51ರ ಗೆರೆ.

ಹಾಗಾದರೆ ಬಿಗಿತ ಹೋದದ್ದು ಎಲ್ಲಿ? ಬೋಲ್ಟ್ ತಿರುಗಿ ಸಡಿಲವಾಗಿರಲಿಲ್ಲ. ಉಳಿದ ಮೂರು ಬೋಲ್ಟುಗಳ ತಲೆಯ ಮೇಲೆ ಎಳೆದಿದ್ದ ಪೇಂಟ್ ಗೆರೆಗಳು ಎಳೆದಲ್ಲೇ ಇದ್ದವು. ಇದು ನಮ್ಮನ್ನು ಎರಡು ದಿನ ದಾರಿ ತಪ್ಪಿಸಿತು. ಕೊನೆಗೆ ಒಂದು ಬೋಲ್ಟನ್ನು ಬಿಚ್ಚಿದಾಗ, ಅಲ್ಯೂಮಿನಿಯಂ ಪಾದದ ಮೇಲೆ ಬೋಲ್ಟಿನ ತಲೆ ಕುಳಿತಿದ್ದ ಜಾಗದಲ್ಲಿ ಬೆರಳಿಗೆ ತಾಗುವಷ್ಟು ತಗ್ಗಿತ್ತು, ಅದರ ಸುತ್ತ ಪೇಂಟ್ ಉಂಗುರದಂತೆ ಹಿಂಡಿ ಹೊರಬಂದಿತ್ತು. ವಾಷರ್ ಇರಲಿಲ್ಲ. ಎಂ10 ತಲೆಯಡಿ ನಿಜವಾಗಿ ತಾಗುವ ಉಂಗುರದ ವಿಸ್ತೀರ್ಣ 70 ಚದರ ಮಿ.ಮೀ. ಆಸುಪಾಸು, 25.2 ಕಿಲೋನ್ಯೂಟನ್ ಅದರ ಮೇಲೆ ಕುಳಿತರೆ 350 ಮೆಗಾಪಾಸ್ಕಲ್ ಹತ್ತಿರದ ಒತ್ತಡ. ಸಾಮಾನ್ಯ ಎರಕದ ಅಲ್ಯೂಮಿನಿಯಂ ಅದಕ್ಕೆ ತಗ್ಗದೆ ಇನ್ನೇನು ಮಾಡೀತು?

ಆ ತಗ್ಗು ಮೈಕ್ರಾನ್‌ಗಳ (ಮಿ.ಮೀ.ನ ಸಾವಿರದ ಒಂದು ಪಾಲಿನ) ಲೆಕ್ಕದ್ದು, ಆದರೆ ಬೋಲ್ಟ್ ಹಿಗ್ಗಿರುವುದೂ ಮೈಕ್ರಾನ್‌ಗಳಲ್ಲೇ. 12 ಮಿ.ಮೀ. ದಪ್ಪವನ್ನು ಹಿಡಿದಿರುವ ಎಂ10 ಬೋಲ್ಟ್ 25.2 ಕಿಲೋನ್ಯೂಟನ್ ಎಳೆತಕ್ಕೆ ಹಿಗ್ಗುವುದು ಸುಮಾರು 25 ಮೈಕ್ರಾನ್. ಭಾಗಗಳು ಕುಗ್ಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಮೇಲ್ಮೈಗಳು ಕೂರುವ ಒಂದೊಂದು ಮೈಕ್ರಾನ್‌ಗೂ ಮುಕ್ಕಾಲು ಕಿಲೋನ್ಯೂಟನ್ ಬಿಗಿತ ಕರಗುತ್ತದೆ. ಪೇಂಟ್ ಹಿಂಡಿಹೋದದ್ದು, ಅಲ್ಯೂಮಿನಿಯಂ ತಗ್ಗಿದ್ದು, ಎರಕದ ಮೇಲ್ಮೈಯ ತರಿ ಚಪ್ಪಟೆಯಾದದ್ದು ಎಲ್ಲ ಸೇರಿ 15 ಮೈಕ್ರಾನ್ ಎಂದರೂ 11 ಕಿಲೋನ್ಯೂಟನ್ ಹೋಯಿತು. ಬಿಗಿಯುವಾಗಲೇ ಘರ್ಷಣೆಯ ಏರುಪೇರಿನಿಂದ ಶೇ. 30 ಕಡಿಮೆ ಬಂದ ಬೋಲ್ಟಿನಲ್ಲಿ ಇದ್ದದ್ದೇ 17.6, ಉಳಿದದ್ದು 6.6. ಬ್ರಾಕೆಟ್ಟಿನ ಪಾದ ಬಾಯಿ ಬಿಡದಿರಲು ಬೇಕಾಗಿದ್ದದ್ದು 12ರಲ್ಲಿ ಮುಕ್ಕಾಲು ಪಾಲು, ಅಂದರೆ 9 ಕಿಲೋನ್ಯೂಟನ್. ನಾಲ್ಕು ಬೋಲ್ಟುಗಳಲ್ಲಿ ಅತಿ ದುರದೃಷ್ಟದ್ದು ಮೊದಲು ಮುರಿಯಿತು. ಒಂದು ಸುತ್ತೂ ತಿರುಗದೆ, ಪೇಂಟ್ ಗೆರೆ ಕದಲದೆ, ಜೋಡಣೆ ಸಡಿಲವಾಗಿತ್ತು.

ಇಷ್ಟೆಲ್ಲ ಆದರೂ ನನ್ನ ಕಂಪ್ಯೂಟರ್ ಮಾದರಿ ಇದನ್ನು ಯಾಕೆ ಹೇಳಲಿಲ್ಲ? ಹೇಳಲು ನಾನು ಬಿಟ್ಟಿರಲಿಲ್ಲ. ಬ್ರಾಕೆಟ್ಟಿನ ಪಾದವನ್ನೂ ಹೌಸಿಂಗಿನ ಮುಖವನ್ನೂ ‘ಬಾಂಡೆಡ್’ ಸಂಪರ್ಕದಿಂದ ಅಂಟಿಸಿದ್ದೆ. ಅಂಟಿಸಿದ ಮುಖಗಳು ಎಂದೂ ಬಾಯಿ ಬಿಡುವುದಿಲ್ಲ, ಹೊರೆಯೆಲ್ಲ ಇಡೀ ಮುಖದ ಮೂಲಕ ಆರಾಮವಾಗಿ ಹರಿದುಹೋಗುತ್ತದೆ, ಬೋಲ್ಟುಗಳು ಅಲಂಕಾರಕ್ಕೆ ನಿಂತಿರುತ್ತವೆ. ನಿಜದಲ್ಲಿ ಬೋಲ್ಟಿನ ಒತ್ತುವಿಕೆ ತಲೆಯ ಅಂಚಿನಿಂದ ಶಂಕುವಿನಂತೆ ಹರಡುತ್ತದೆ, 12 ಮಿ.ಮೀ. ದಪ್ಪದ ಪಾದದಲ್ಲಿ ಅದು ರಂಧ್ರದ ಸುತ್ತ ಕೆಲವೇ ಮಿ.ಮೀ. ದೂರ ತಲುಪುತ್ತದೆ, ಅದರಾಚೆಯ ಮುಖ ಸುಮ್ಮನೆ ತಾಗಿಕೊಂಡಿರುತ್ತದೆ. ಹೊರೆ ಬೋಲ್ಟಿನ ನೇರಕ್ಕೆ ಬೀಳದೆ ಪಕ್ಕದಲ್ಲಿ ಬಿದ್ದರೆ ಪಾದ ಹಾರೆಕೋಲಿನಂತೆ ಬೋಲ್ಟನ್ನು ಮೀಟುತ್ತದೆ, ಎಳೆತದ ಜೊತೆ ಬಾಗುವಿಕೆಯೂ ಸೇರುತ್ತದೆ. ಎರಡನೆಯ ಸಲ ಮಾದರಿ ಮಾಡುವಾಗ ಮುಖಗಳ ನಡುವೆ ಘರ್ಷಣೆಯುಳ್ಳ ಸಂಪರ್ಕ ಕೊಟ್ಟು, ಮೊದಲ ಹಂತದಲ್ಲಿ ಬರಿಯ ಪ್ರೀಲೋಡನ್ನೂ ಎರಡನೆಯ ಹಂತದಲ್ಲಿ ಹೊರೆಯನ್ನೂ ಹಾಕಿದೆ. ಪ್ರೀಲೋಡ್ 25ಕ್ಕೆ ಒಮ್ಮೆ, 7ಕ್ಕೆ ಒಮ್ಮೆ. ಏಳರ ಚಿತ್ರದಲ್ಲಿ ಪಾದದ ಹಿಮ್ಮಡಿ ಎದ್ದು ನಿಂತದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಆ ಮಾದರಿಯಿಂದಲೂ ನಾನು ತೆಗೆದುಕೊಂಡದ್ದು ಬೋಲ್ಟಿನೊಳಗಿನ ಬಲ ಮತ್ತು ಬಾಗುವಿಕೆಯ ಅಂಕಿಗಳನ್ನು ಮಾತ್ರ. ಥ್ರೆಡ್ಡಿನ ಬುಡದಲ್ಲಿ ಅಥವಾ ರಂಧ್ರದ ಚೂಪು ಅಂಚಿನಲ್ಲಿ ಕಾಣುವ ಕೆಂಪು ಬಣ್ಣದ ಸ್ಟ್ರೆಸ್ಸಿಗೆ ಅರ್ಥ ಹುಡುಕಬಾರದು; ಲೆಕ್ಕಕ್ಕೆಂದು ಮಾದರಿಯನ್ನು ತುಂಡುತುಂಡಾಗಿ ಒಡೆಯುವ ಜಾಲರಿಯನ್ನು ಅಲ್ಲಿ ಸಣ್ಣದು ಮಾಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಬಲವನ್ನು 58 ಚದರ ಮಿ.ಮೀ.ಗೆ ಭಾಗಿಸಿ, ತೂಗಾಟವನ್ನು 51ರ ಪಕ್ಕದಲ್ಲಿಟ್ಟು ನೋಡುವ ಕೈಲೆಕ್ಕವೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ.

ಪರಿಹಾರದ ಸಭೆಯಲ್ಲಿ ಮೊದಲು ಕೇಳಿಬಂದ ಸಲಹೆ, 12.9 ದರ್ಜೆಯ ಬೋಲ್ಟ್ ಹಾಕಿ ಎಂಬುದು. ಅದು ಎಲ್ಲ ಸಭೆಗಳಲ್ಲೂ ಮೊದಲು ಬರುವ ಸಲಹೆ. 51 ಎಂಬ ದಣಿವಿನ ಮಿತಿಯ ಸೂತ್ರದಲ್ಲಿ ಬೋಲ್ಟಿನ ದರ್ಜೆಯೇ ಬರುವುದಿಲ್ಲ, ಬರುವುದು ವ್ಯಾಸ ಮಾತ್ರ. ಹೆಚ್ಚಿನ ದರ್ಜೆಯ ಲಾಭ ಸಿಗುವುದು ಅದನ್ನು ಹೆಚ್ಚು ಬಿಗಿದಾಗ. ನಮ್ಮ ಅಲ್ಯೂಮಿನಿಯಂ ಇದ್ದ ಬಿಗಿತಕ್ಕೇ ತಗ್ಗಿತ್ತು. ಮೇಲಾಗಿ ಅಷ್ಟು ಗಟ್ಟಿಯಾದ ಉಕ್ಕಿಗೆ ವಿದ್ಯುತ್ ಲೇಪನ ಮಾಡಿದರೆ ಹೈಡ್ರೋಜನ್ ಒಳಸೇರಿ, ಬಿಗಿದಿಟ್ಟ ಬೋಲ್ಟ್ ಗಂಟೆಗಳೋ ದಿನಗಳೋ ಕಳೆದ ಮೇಲೆ ತಾನಾಗಿ ತುಂಡಾಗುವ ಅಪಾಯವಿದೆ. ಹೈಡ್ರೋಜನ್ ಒಳಸೇರಲು ಲೇಪನದ ತೊಟ್ಟಿಯೇ ಬೇಕೆಂದೂ ಇಲ್ಲ. 2013ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ–ಓಕ್ಲೆಂಡ್ ಬೇ ಸೇತುವೆಯ ಹೊಸ ಪೂರ್ವ ಭಾಗದಲ್ಲಿ, ನೀರು ನಿಂತಿದ್ದ ಕುಳಿಗಳಲ್ಲಿ ವರ್ಷಗಟ್ಟಲೆ ಕಾಯ್ದಿದ್ದ, ಕರಗಿದ ಸತುವಿನಲ್ಲಿ ಅದ್ದಿ ಲೇಪಿಸಿದ್ದ 96 ಭಾರಿ ಸರಳುಗಳನ್ನು ಬಿಗಿದ ಕೆಲವೇ ದಿನಗಳಲ್ಲಿ 32 ಮುರಿದದ್ದು ಹೈಡ್ರೋಜನ್ನಿನ ಈ ಕಾಟದಿಂದಲೇ.

ಎರಡನೆಯ ಸಲಹೆ ಸ್ಪ್ರಿಂಗ್ ವಾಷರ್. ಬೋಲ್ಟುಗಳು ತಿರುಗಿ ಸಡಿಲವಾಗುವುದು ಮುಖ್ಯವಾಗಿ ಅಡ್ಡಕ್ಕೆ ಜಾರಾಡುವ ಕಂಪನದಿಂದ ಎಂದು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿಕೊಟ್ಟರು. ಪೂರ್ತಿ ಬಿಗಿದ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಸಾದಾ ವಾಷರಿಗೆ ಸಮನಾಗುತ್ತದೆ, ಅದರ ಹಿಡಿದಿಡುವ ಶಕ್ತಿ ಇಲ್ಲವಾಗುತ್ತದೆ ಎಂದು ನಾಸಾದ 1990ರ ಫಾಸ್ಟೆನರ್ ಕೈಪಿಡಿ ನೇರವಾಗಿಯೇ ಬರೆದಿದೆ. ನಮ್ಮ ಬೋಲ್ಟ್ ತಿರುಗಿಯೇ ಇರಲಿಲ್ಲವಾದ್ದರಿಂದ ಚರ್ಚೆ ಅಲ್ಲಿಗೇ ನಿಂತಿತು.

ನಾವು ಮಾಡಿದ ಬದಲಾವಣೆಗಳು ನೋಡಲು ಸಪ್ಪೆ. ಜೋಡಣೆಯ ಮುಖಗಳಿಗೂ ಬೋಲ್ಟ್ ಕೂರುವ ಜಾಗಕ್ಕೂ ಪೇಂಟ್ ಬೀಳದಂತೆ ಮುಚ್ಚಿದೆವು. ತಲೆಯಡಿಯ ಒತ್ತಡ ಅಗಲಕ್ಕೆ ಹರಡಲೆಂದು ಬ್ರಾಕೆಟ್ಟಿನ ಮೇಲೆ ದಪ್ಪ, ಗಟ್ಟಿ ವಾಷರ್ ಇಟ್ಟು, ಅದರ ಮೇಲೊಂದು ಉಕ್ಕಿನ ಕೊಳವೆಯನ್ನು (ಸ್ಲೀವ್) ಕೂರಿಸಿದೆವು. ಇದರಿಂದ ಬೋಲ್ಟ್ ಹಿಡಿಯುವ ಉದ್ದ 12ರಿಂದ 50 ಮಿ.ಮೀ.ಗೆ ಏರಿತು. ಉದ್ದ ಬೋಲ್ಟ್ ಅದೇ ಬಲಕ್ಕೆ 100 ಮೈಕ್ರಾನಿಗೂ ಹೆಚ್ಚು ಹಿಗ್ಗುವುದರಿಂದ, 15 ಮೈಕ್ರಾನ್ ಕೂತರೂ ಹೋಗುವುದು ಮೂರು ಮೂರೂವರೆ ಕಿಲೋನ್ಯೂಟನ್ ಅಷ್ಟೇ, ಜೊತೆಗೆ ಹೊರೆಯಲ್ಲಿ ಬೋಲ್ಟಿಗೆ ಬರುವ ಪಾಲೂ ಇಳಿಯುತ್ತದೆ. ನಾನು ಮಾಡಿದ ಎಲ್ಲ ಲೆಕ್ಕಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಟ್ಟ ಬದಲಾವಣೆ ಇನ್ನೊಂದಿಲ್ಲ. ಬಿಗಿಯುವುದನ್ನು ಕರ್ಣರೇಖೆಯ ಕ್ರಮದಲ್ಲಿ ಎರಡು ಸುತ್ತಿನಲ್ಲಿ ಮಾಡಬೇಕೆಂದೂ ಬರೆದೆವು. ಎರಡನೆಯ ಬೋಲ್ಟನ್ನು ಬಿಗಿದಾಗ ಮೊದಲನೆಯದು ಸ್ವಲ್ಪ ಬಿಗಿತ ಕಳೆದುಕೊಳ್ಳುತ್ತದೆ.

ಡ್ರಾಯಿಂಗಿನ ಮೂಲೆಯ ಸಾಲು ಈಗ ನಾಲ್ಕು ಸಾಲುಗಳಾಗಿದೆ: ಬೇಕಾದ ಪ್ರೀಲೋಡ್ 25 ಕಿಲೋನ್ಯೂಟನ್, ಥ್ರೆಡ್ಡಿಗೂ ತಲೆಯಡಿಗೂ ತೆಳುವಾಗಿ ಎಣ್ಣೆ, ಪ್ರತಿ ಸಲವೂ ಹೊಸ ಬೋಲ್ಟ್, ಟಾರ್ಕ್ 38 ನ್ಯೂಟನ್-ಮೀಟರ್. ಎಣ್ಣೆ ಹಚ್ಚಿದ ಬೋಲ್ಟಿಗೆ ಕೆ 0.15 ಹಿಡಿದು ಬಂದ ಅಂಕಿ ಅದು. ಹೊಸ ಡ್ರಾಯಿಂಗ್ ಜೋಡಣೆಯ ಜಾಗಕ್ಕೆ ಹೋದ ದಿನ, ಈ ಕೆಲಸದಲ್ಲಿ ನನಗಿಂತ ಎರಡರಷ್ಟು ಅನುಭವವಿದ್ದ ಫಿಟ್ಟರ್ ಹಾಳೆ ಹಿಡಿದುಕೊಂಡು ಬಂದರು. “ಸಾರ್, ಮುರಿದದ್ದು ಬೋಲ್ಟು, ನೀವು ಟಾರ್ಕ್ ಇಳಿಸಿದ್ದೀರಿ. ಐವತ್ತಕ್ಕೇ ಸಡಿಲ ಆದದ್ದು ಮೂವತ್ತೆಂಟಕ್ಕೆ ನಿಲ್ಲುತ್ತದೆಯೇ?” ಎಂದು ಕೇಳಿದರು. ನಾನು ಬಾಯಲ್ಲಿ ವಿವರಿಸಲು ಹೋಗಲಿಲ್ಲ. ಲೋಡ್ ಸೆಲ್ ತಂದು, ಎಣ್ಣೆಯಿಲ್ಲದ ಹಳೆಯ ಬೋಲ್ಟನ್ನು 50ಕ್ಕೂ ಎಣ್ಣೆ ಹಚ್ಚಿದ ಹೊಸದನ್ನು 38ಕ್ಕೂ ಅವರ ಕೈಯಿಂದಲೇ ಬಿಗಿಸಿದೆ. ಎರಡನೆಯ ಸಲ ಪರದೆಯ ಮೇಲೆ ಬಂದ ಅಂಕಿ ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಎಣ್ಣೆ ಯಾವುದೆಂದು ಡ್ರಾಯಿಂಗಿನಲ್ಲಿ ಹೆಸರು ಹಾಕಿಲ್ಲವಲ್ಲ ಎಂದರು. ಅದೂ ಸರಿಯಾದ ಆಕ್ಷೇಪಣೆಯೇ ಆಗಿತ್ತು. ಮರುದಿನ ಐದನೆಯ ಸಾಲು ಸೇರಿಸಿದೆ.